ದಂಡು ಹೋದ ಮೇಲೆ ಉಳಿದ ವಾರ್ಡುಗಳು

1942ರ ಮಾರ್ಚ್ 8ರಂದು ರಂಗೂನ್ ಜಪಾನೀಯರ ಕೈಸೇರಿತು. ಮೇ ತಿಂಗಳ ಹೊತ್ತಿಗೆ ಬರ್ಮಾದ ಕಾಡುಗಳಿಂದ ಮಣಿಪುರದತ್ತ ಜನ ನಡೆದು ಬರುತ್ತಿದ್ದರು. ಅಮೆರಿಕದ ಜನರಲ್ ಜೋಸೆಫ್ ಸ್ಟಿಲ್‌ವೆಲ್ ಕೂಡ ತನ್ನ ಸಣ್ಣ ತಂಡದೊಂದಿಗೆ ಬೆಟ್ಟಗಳನ್ನು ಕಾಲ್ನಡಿಗೆಯಲ್ಲೇ ದಾಟಿ ಇಂಫಾಲ ಸೇರಿ, ಅಲ್ಲಿಂದ ದೆಹಲಿಗೆ ಬಂದ. ಚೀನಾ, ಬರ್ಮಾ ಮತ್ತು ಭಾರತ ಸೇರಿದ ಅಮೆರಿಕನ್ ಯುದ್ಧರಂಗಕ್ಕೆ ಅವನೇ ಮುಖ್ಯಸ್ಥ. ಆ ರಂಗದ ಹಿಂಬದಿ ಕಚೇರಿ ನೆಲೆಯೂರಿದ್ದು ಹೊಸದಿಲ್ಲಿಯಲ್ಲಿ. ವಾಸ್ತುಶಿಲ್ಪಿ ಲ್ಯುಟೆನ್ಸ್ ರೂಪಿಸಿದ, ಆಗಿನ್ನೂ ಹೊಸ ವಾಸನೆ ಹೋಗದ ಬೀದಿಗಳಲ್ಲಿ ಅಮೆರಿಕನ್ ಜೀಪುಗಳು ಓಡಾಡತೊಡಗಿದವು. ಕಚೇರಿಗಳಿಗೆಂದು ಮೈದಾನಗಳಲ್ಲಿ ಬ್ಯಾರಕ್ಕುಗಳು ಎದ್ದವು. ಸೈನಿಕರಿಗೆಂದೇ ಒಂದು ವಾರಪತ್ರಿಕೆ ಕೂಡ ದೆಹಲಿಯಿಂದ ಹೊರಡತೊಡಗಿತು.

ಇಷ್ಟು ಸೈನಿಕರು ಇದ್ದಲ್ಲಿ ಆಸ್ಪತ್ರೆ ಬೇಕೇ ಬೇಕು. ಈ ರಂಗದಲ್ಲಿ ಗುಂಡೇಟಿಗಿಂತ ಹೆಚ್ಚು ಜನರನ್ನು ಮಂಚಕ್ಕೆ ಹಾಕಿದ್ದು ಮಲೇರಿಯಾ ಮತ್ತು ಆಮಶಂಕೆ. ಹೊಸದಿಲ್ಲಿಯ ದಕ್ಷಿಣ ಅಂಚಿನಲ್ಲಿ, ಸಫ್ದರ್‌ಜಂಗ್ ಗೋರಿಗೂ ವಿಲಿಂಗ್ಡನ್ ವಿಮಾನ ನಿಲ್ದಾಣಕ್ಕೂ ದೂರವಿಲ್ಲದ ಬಯಲಿನಲ್ಲಿ, 1942ರಲ್ಲಿ ಮಿತ್ರರಾಷ್ಟ್ರಗಳ ಸೇನೆಗೆಂದು ಒಂದು ಬೇಸ್ ಆಸ್ಪತ್ರೆ ಆರಂಭವಾಯಿತು. ನಡೆಸುತ್ತಿದ್ದವರು ಅಮೆರಿಕನ್ನರು. ಜಾಗವನ್ನು ಆರಿಸಿದ್ದರ ಹಿಂದಿನ ಲೆಕ್ಕ ಸುಲಭವಾಗಿ ತಿಳಿಯುತ್ತದೆ. ವಿಮಾನದಲ್ಲಿ ಬಂದ ರೋಗಿಯನ್ನು ಕೆಲವೇ ನಿಮಿಷಗಳಲ್ಲಿ ಮಂಚಕ್ಕೆ ತಲುಪಿಸಬಹುದಿತ್ತು. ಊರಿನ ಗದ್ದಲ ದೂರವಿತ್ತು, ಭೂಮಿಯೂ ಬೇಕಾದಷ್ಟಿತ್ತು.

ಆ ಬಯಲಿನಿಂದ ಆಚೆಗೆ ದಕ್ಷಿಣಕ್ಕೆ ಹೋದರೆ ಯೂಸುಫ್ ಸರಾಯ್, ಮುನಿರ್ಕಾ, ಕಿಶನ್‌ಗಢ, ಮಸೂದ್‌ಪುರ, ಮಹಿಪಾಲ್‌ಪುರ, ಮೆಹ್ರೌಲಿ. ಗೋಧಿ, ಸಾಸಿವೆ ಬೆಳೆಯುವ, ಎಮ್ಮೆ ಕಟ್ಟುವ ಹಳ್ಳಿಗಳು. ಅರಾವಳಿಯ ಕಲ್ಲುಗುಡ್ಡಗಳ ನಡುವಿನ ಇದೇ ನೆಲದಲ್ಲಿ ನಾಲ್ಕು ದಶಕಗಳ ನಂತರ ವಸಂತ್ ಕುಂಜ್ ಎಂಬ ಬಡಾವಣೆ ಏಳಲಿತ್ತು. 1942ರಲ್ಲಿ ಈ ಹಳ್ಳಿಗರಿಗೆ ದೊಡ್ಡ ಆಸ್ಪತ್ರೆ ಎಂದರೆ ದೆಹಲಿ ದರವಾಜೆಯ ಬಳಿ 1936ರಲ್ಲಿ ಶುರುವಾಗಿದ್ದ ಇರ್ವಿನ್ ಆಸ್ಪತ್ರೆ. ಹೆಂಗಸರಿಗಾದರೆ 1916ರಿಂದ ಇದ್ದ ಲೇಡಿ ಹಾರ್ಡಿಂಜ್. ಎರಡೂ ಉತ್ತರಕ್ಕೆ, ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ. ಹತ್ತಿರದಲ್ಲೇ ಎದ್ದ ಸೇನೆಯ ಆಸ್ಪತ್ರೆಯ ಬಾಗಿಲು ಅವರಿಗೆಂದು ತೆರೆದದ್ದಲ್ಲ. ಅದು ಸೈನಿಕನದು.

ಈ ಮಾತನ್ನು ಇಲ್ಲೇ ಸ್ಪಷ್ಟವಾಗಿ ಹೇಳಬೇಕು. ಸೇನೆ ಎಲ್ಲಿ ನೆಲೆಯೂರುತ್ತದೆಯೋ ಅಲ್ಲಿಗೆ ಒಳ್ಳೆಯ ವೈದ್ಯಕೀಯ ಬರುತ್ತದೆ, ಆದರೆ ಅದರ ಜೊತೆಗೆ ಬೇಲಿಯೂ ಬರುತ್ತದೆ. ಸೇನೆ ಹೊರಟಾಗ ಬೇಲಿ ಬೀಳಬಹುದು, ಆದರೆ ವೈದ್ಯರು, ಔಷಧಿ, ಸಂಬಳ ಕೊಡುವ ಖಜಾನೆ ಇವೂ ಹೊರಟುಬಿಡುತ್ತವೆ. ಉಳಿಯುವುದು ಗೋಡೆ, ಚಾವಣಿ, ಬಾವಿ, ರಸ್ತೆ. ಆ ಗೋಡೆಗಳನ್ನು ಯಾರಾದರೂ ಆಸ್ಪತ್ರೆಯಾಗಿಯೇ ವಹಿಸಿಕೊಂಡರೆ ಊರಿಗೆ ಒಂದು ಭಾಗ್ಯ. ಇಲ್ಲದಿದ್ದರೆ ಅದು ಗೋದಾಮಾಗುತ್ತದೆ, ಕಚೇರಿಯಾಗುತ್ತದೆ, ಇಲ್ಲವೇ ಹಾಳು ಬೀಳುತ್ತದೆ. ದೆಹಲಿಯ ದಕ್ಷಿಣ ಭಾಗದ ಎಂಬತ್ತು ವರ್ಷಗಳ ಆರೋಗ್ಯ ಚರಿತ್ರೆಯನ್ನು ಈ ಒಂದು ಸಂಗತಿಯ ಸುತ್ತಲೇ ಓದಬಹುದು ಎಂದು ನನಗೆ ಅನ್ನಿಸುತ್ತದೆ.

1945ರ ಆಗಸ್ಟಿನಲ್ಲಿ ಜಪಾನ್ ಶರಣಾಯಿತು. ಅಮೆರಿಕನ್ ಸೈನಿಕರು ಮನೆಗೆ ಹೋಗಲು ಕಾತರರಾಗಿದ್ದರು. ಕರಾಚಿ ಮತ್ತು ಕಲ್ಕತ್ತೆಯ ಬಂದರುಗಳಿಂದ ಹಡಗುಗಳು ಹೊರಟವು. 1946ರ ಮೇ ಕೊನೆಗೆ ಭಾರತ–ಬರ್ಮಾ ಯುದ್ಧರಂಗವೇ ಅಧಿಕೃತವಾಗಿ ಮುಗಿಯಿತು. ಹೊತ್ತೊಯ್ಯಲಾಗದ ಸಾಮಗ್ರಿಯನ್ನು ಅದೇ ವರ್ಷ ಭಾರತ ಸರ್ಕಾರಕ್ಕೆ ಒಪ್ಪಂದ ಮಾಡಿಕೊಂಡು ಬಿಟ್ಟುಕೊಟ್ಟರು. ನಾಲ್ಕು ವರ್ಷಗಳಲ್ಲಿ ಕಟ್ಟಿದ್ದ ಒಂದು ದೊಡ್ಡ ವ್ಯವಸ್ಥೆ ಹತ್ತು ತಿಂಗಳಲ್ಲಿ ಕರಗಿತು.

ದೇಶದ ಆರೋಗ್ಯ ಆಗ ಹೇಗಿತ್ತೆಂಬುದಕ್ಕೆ ಅದೇ 1946ರಲ್ಲಿ ಬಂದ ಜೋಸೆಫ್ ಭೋರ್ ಸಮಿತಿಯ ವರದಿ ಸಾಕ್ಷಿ. ಬ್ರಿಟಿಷ್ ಇಂಡಿಯಾದಲ್ಲಿ ಸಾವಿರ ಜನಕ್ಕೆ 0.24 ಹಾಸಿಗೆ, ಅಂದರೆ ನಾಲ್ಕು ಸಾವಿರಕ್ಕೂ ಹೆಚ್ಚು ಜನಕ್ಕೆ ಒಂದೇ ಹಾಸಿಗೆ. ಸುಮಾರು ಆರು ಸಾವಿರ ಜನಕ್ಕೆ ಒಬ್ಬ ವೈದ್ಯ. ಇಂಥ ದೇಶದಲ್ಲಿ ನೂರಾರು ಹಾಸಿಗೆಗಳ ಆಸ್ಪತ್ರೆಯೊಂದು ಖಾಲಿಯಾಗುವುದು ಸಣ್ಣ ಸಂಗತಿಯಲ್ಲ. ಅದರ ಮರುವರ್ಷವೇ ದೇಶ ವಿಭಜನೆಯಾಯಿತು. 1941ರ ಗಣತಿಯಲ್ಲಿ ಸುಮಾರು 9.18 ಲಕ್ಷ ಇದ್ದ ದೆಹಲಿಯ ಜನಸಂಖ್ಯೆ 1951ರಲ್ಲಿ 17.44 ಲಕ್ಷ ಮುಟ್ಟಿತು. ಪಂಜಾಬ್ ಮತ್ತು ಸಿಂಧ್‌ನಿಂದ ಬಂದವರು ಕಿಂಗ್ಸ್‌ವೇ ಕ್ಯಾಂಪಿನಲ್ಲಿ, ಹಳೆಯ ಕೋಟೆಯಲ್ಲಿ, ಸೇನೆ ಬಿಟ್ಟುಹೋದ ಬ್ಯಾರಕ್ಕುಗಳಲ್ಲಿ ಆಶ್ರಯ ಪಡೆದರು. ಆಮೇಲೆ ಲಾಜ್‌ಪತ್ ನಗರದಂಥ ಬಡಾವಣೆಗಳು ದಕ್ಷಿಣದ ಹೊಲಗಳಲ್ಲಿ ಹುಟ್ಟಿದವು. ಊರು ದಕ್ಷಿಣಕ್ಕೆ ಚಾಚುತ್ತಿತ್ತು, ಆಸ್ಪತ್ರೆಗಳು ಮಾತ್ರ ಉತ್ತರದಲ್ಲೇ ಉಳಿದಿದ್ದವು.

ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್. ಅವರ ಕಾಲದಲ್ಲಿ, 1954ರಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯ ಅಮೆರಿಕನ್ನರು ಬಿಟ್ಟುಹೋದ ಆ ಬೇಸ್ ಆಸ್ಪತ್ರೆಯನ್ನು, ಅಂದರೆ ಸಫ್ದರ್‌ಜಂಗ್ ಆಸ್ಪತ್ರೆಯನ್ನು ವಹಿಸಿಕೊಂಡಿತು. ಆಗ ಅಲ್ಲಿದ್ದದ್ದು 204 ಹಾಸಿಗೆ. ಅದೇ ವರ್ಷ ದೆಹಲಿಯಲ್ಲಿ ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯೂ ಶುರುವಾಯಿತು. ಈ ಎರಡೂ ಒಂದೇ ವರ್ಷ ಬಂದದ್ದರಿಂದ ಒಂದು ಪೀಳಿಗೆಯ ಬದುಕೇ ಬದಲಾಯಿತು. ಊರು ಬಿಟ್ಟು ದೆಹಲಿಯ ಸಚಿವಾಲಯಗಳಿಗೆ ಗುಮಾಸ್ತರಾಗಿ, ಸ್ಟೆನೋಗಳಾಗಿ, ಅಧಿಕಾರಿಗಳಾಗಿ ಬಂದ ಕನ್ನಡಿಗರು ಆಗ ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ, ಮೋತಿಬಾಗ್, ಮುಂದೆ ರಾಮಕೃಷ್ಣಪುರಂನ ಸರ್ಕಾರಿ ವಸತಿಗಳಲ್ಲಿ ಇದ್ದವರು. 1948ರಲ್ಲಿ ಹುಟ್ಟಿದ ದೆಹಲಿ ಕರ್ನಾಟಕ ಸಂಘದ ಕಟ್ಟಡ ಇವತ್ತು ಅದೇ ರಾಮಕೃಷ್ಣಪುರಂನಲ್ಲಿದೆ. ಈ ಎಲ್ಲ ವಸತಿಗಳಿಂದ ಸಫ್ದರ್‌ಜಂಗ್ ಹತ್ತಿರ. ಡಿಸ್ಪೆನ್ಸರಿಯ ವೈದ್ಯರು ಚೀಟಿ ಬರೆದುಕೊಟ್ಟರೆ ಹೋಗಬೇಕಾದ್ದು ಅಲ್ಲಿಗೆ. ದೆಹಲಿ ಕನ್ನಡಿಗರ ಮನೆಗಳಲ್ಲಿ ಹೆರಿಗೆ, ಮೂಳೆ ಮುರಿತ, ಟೈಫಾಯ್ಡ್ ಎಂದಾಗ ಮೊದಲು ಬಾಯಿಗೆ ಬರುತ್ತಿದ್ದ ಹೆಸರು ಅದೇ. ಅಮೆರಿಕನ್ ಸೈನಿಕನಿಗಾಗಿ ಕಟ್ಟಿದ ಜಾಗದಲ್ಲಿ ಧಾರವಾಡದ, ಮಂಗಳೂರಿನ, ಮೈಸೂರಿನ ಮನೆಗಳ ಮಕ್ಕಳು ಹುಟ್ಟಿದರು.

ರಸ್ತೆಯ ಆಚೆ ಬದಿಯಲ್ಲಿ ಇನ್ನೊಂದು ದೊಡ್ಡ ಕನಸು ರೂಪುಗೊಳ್ಳುತ್ತಿತ್ತು. ಭೋರ್ ಸಮಿತಿ ಸೂಚಿಸಿದ್ದ ರಾಷ್ಟ್ರೀಯ ವೈದ್ಯಕೀಯ ಸಂಸ್ಥೆಗೆ ಕೊಲಂಬೊ ಯೋಜನೆಯಡಿ ನ್ಯೂಜಿಲೆಂಡ್ ಹಣ ಕೊಟ್ಟಿತು, 1952ರಲ್ಲಿ ಅಡಿಗಲ್ಲು ಬಿತ್ತು, 1956ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಅದೇ ಏಮ್ಸ್. ಅದು ಬರುವ ತನಕ ದಕ್ಷಿಣ ದೆಹಲಿಗೆ ಇದ್ದ ಒಂದೇ ದೊಡ್ಡ ಆಸ್ಪತ್ರೆ ಸಫ್ದರ್‌ಜಂಗ್. ಬಂದ ಮೇಲೂ ಏಮ್ಸ್‌ನ ಸ್ವಂತ ವಾರ್ಡುಗಳು ಸಿದ್ಧವಾಗುವವರೆಗೆ ಅದರ ಆರಂಭದ ವಿದ್ಯಾರ್ಥಿಗಳು ರೋಗಿಯ ಪಕ್ಕ ನಿಂತು ಕಲಿತದ್ದು ರಸ್ತೆ ದಾಟಿ ಸಫ್ದರ್‌ಜಂಗ್‌ನಲ್ಲೇ. ದೇಶದ ಅತ್ಯುನ್ನತ ವೈದ್ಯಕೀಯ ಸಂಸ್ಥೆಯ ಮೊದಲ ಹೆಜ್ಜೆಗಳಿಗೆ ಯುದ್ಧಕಾಲದ ಒಂದು ಶಿಬಿರ ಆಸರೆಯಾಯಿತು ಎಂಬುದನ್ನು ಇವತ್ತು ಎರಡೂ ಕಡೆಯ ಸರದಿಯಲ್ಲಿ ನಿಂತವರು ಯೋಚಿಸಲಾರರು. 1962ರಿಂದ ಸಫ್ದರ್‌ಜಂಗ್‌ನಲ್ಲಿ ಸ್ನಾತಕೋತ್ತರ ತರಬೇತಿ ಶುರುವಾಯಿತು. 1970ರ ದಶಕದಿಂದ ದೆಹಲಿ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜೊಂದು ಇದನ್ನೇ ನೆಚ್ಚಿಕೊಂಡಿತ್ತು. 2001ರಲ್ಲಿ ಇದಕ್ಕೇ ಸೇರಿದ ವರ್ಧಮಾನ್ ಮಹಾವೀರ್ ವೈದ್ಯಕೀಯ ಕಾಲೇಜು ಬಂತು. 204 ಹಾಸಿಗೆ 1,500 ದಾಟಿತು. ಸುಟ್ಟಗಾಯಗಳ ವಿಭಾಗ ದೇಶದ ದೊಡ್ಡ ವಿಭಾಗಗಳಲ್ಲಿ ಒಂದಾಯಿತು.

ಇಲ್ಲಿ ನಡೆದದ್ದು ತಾನಾಗಿ ನಡೆದದ್ದಲ್ಲ. ಬೇರೆ ಊರುಗಳಲ್ಲಿ ಹೀಗೂ ಆಯಿತು, ಹಾಗೂ ಆಯಿತು.

ಅಸ್ಸಾಮಿನ ದಿಬ್ರುಗಢದ ಬರ್ಬರಿಯಲ್ಲಿ ಅಮೆರಿಕನ್ನರು ಬಿಟ್ಟುಹೋದ ಸೇನಾ ಆಸ್ಪತ್ರೆಯ ಕಟ್ಟಡಗಳಿಗೆ ಬೆರಿ ವೈಟ್ ವೈದ್ಯ ಶಾಲೆ ಬಂದು ಸೇರಿತು. 1947ರ ನವೆಂಬರ್ 3ರಂದು ಅದು ಅಸ್ಸಾಂ ವೈದ್ಯಕೀಯ ಕಾಲೇಜಾಯಿತು. ಈಶಾನ್ಯ ಭಾರತಕ್ಕೆ ಅದೇ ಮೊದಲ ವೈದ್ಯಕೀಯ ಕಾಲೇಜು. ದೇಶ ಸ್ವತಂತ್ರವಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಬಿಟ್ಟುಹೋದ ಕಟ್ಟಡವನ್ನು ತುಂಬಲು ಅಲ್ಲಿ ಆಗಲೇ ಒಂದು ಶಾಲೆ, ಶಿಕ್ಷಕರು, ವಿದ್ಯಾರ್ಥಿಗಳು ಸಿದ್ಧವಿದ್ದರು. ಆ ವೇಗಕ್ಕೆ ಕಾರಣ ಇದೇ.

ನಮ್ಮ ಬಳ್ಳಾರಿಯ ಕತೆ ಸ್ವಲ್ಪ ನಿಧಾನದ್ದು. ಉತ್ತರ ಆಫ್ರಿಕಾದಲ್ಲಿ ಸೋತ ಇಟಲಿಯ ಸೈನಿಕರನ್ನು ಬ್ರಿಟಿಷರು ಭಾರತದ ಹಲವು ಶಿಬಿರಗಳಲ್ಲಿ ಇಟ್ಟಾಗ ಬಳ್ಳಾರಿಯ ದಂಡು ಪ್ರದೇಶವೂ ಅದರಲ್ಲಿ ಒಂದಾಗಿತ್ತು. ಯುದ್ಧ ಮುಗಿದು ಕೈದಿಗಳು ಊರಿಗೆ ಹೋದರು. 1953ರಲ್ಲಿ ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಅದೇ ದಂಡು ಪ್ರದೇಶದಲ್ಲಿ ಬಳ್ಳಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ಮುಂದೆ ಬಹುಕಾಲ ವಿಮ್ಸ್ ಎನಿಸಿಕೊಂಡದ್ದು ಅದೇ. ಕಲ್ಯಾಣ ಕರ್ನಾಟಕದಿಂದಲೂ ಪಕ್ಕದ ಆಂಧ್ರದ ತಾಲೂಕುಗಳಿಂದಲೂ ರೋಗಿಗಳು ಬಸ್ಸು ಹತ್ತಿ ಅಲ್ಲಿಗೆ ಬರುತ್ತಾರೆ. ಬೇಸಿಗೆಯಲ್ಲಿ ಆ ಆವರಣದಲ್ಲಿ ಮರದ ನೆರಳು ಹುಡುಕಿ ಕೂತ ರೋಗಿಯ ಕಡೆಯವರಿಗೆ ತಾವು ಕೂತಿರುವುದು ಯಾರ ಬೇಲಿಯ ಒಳಗೆ ಎಂಬುದು ಬೇಕಾಗಿಲ್ಲ. ಬೇಕಾದ ವಾರ್ಡು ತೆರೆದಿದ್ದರೆ ಸಾಕು.

ಬೆಂಗಳೂರಿನ ಜಾಲಹಳ್ಳಿಯದು ಬೇರೆ ದಾರಿ. ಯುದ್ಧಕಾಲದಲ್ಲಿ ಅಲ್ಲಿ ಗಾಯಾಳುಗಳಿಗೆಂದು ಆಸ್ಪತ್ರೆಗಳದೇ ಒಂದು ಊರು ಎದ್ದಿತ್ತು. ಯುದ್ಧ ಮುಗಿದ ಮೇಲೆ ಆ ನೆಲ ವಾಯುಪಡೆಯ ತರಬೇತಿಗೆ ಹೋಯಿತು, ಅಕ್ಕಪಕ್ಕದಲ್ಲಿ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದವು. ದೇಶಕ್ಕೆ ಅವೂ ಬೇಕಿದ್ದವು, ಅದರಲ್ಲಿ ತಪ್ಪು ಹುಡುಕಲು ನಾನು ಹೊರಟಿಲ್ಲ. ಆದರೆ ಸಾವಿರಾರು ಗಾಯಾಳುಗಳು ಮಲಗಿದ್ದ ಊರು ಸುತ್ತಲಿನ ಹಳ್ಳಿಗಳಿಗೆ ಆಸ್ಪತ್ರೆಯಾಗಿ ಉಳಿಯಲಿಲ್ಲ. ಯುದ್ಧದ ಆಸ್ಪತ್ರೆ ಸಾರ್ವಜನಿಕರದಾಗುವುದಕ್ಕೆ ಯಾರಾದರೂ ಅದನ್ನು ಕೇಳಬೇಕು. ಇಲ್ಲಿ ಬೇರೆಯವರು ಬೇರೆ ಕೆಲಸಕ್ಕೆ ಕೇಳಿದ್ದರು.

ಅದೇ ಬೆಂಗಳೂರಿನ ದಂಡು ಪ್ರದೇಶದಲ್ಲಿ ಇನ್ನೂ ಹಳೆಯ ಒಂದು ಉದಾಹರಣೆ ಇದೆ. 1860ರ ದಶಕದಲ್ಲಿ, ಲ್ಯೂಯಿನ್ ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದಾಗ, ಈಗಿನ ಶಿವಾಜಿನಗರದಲ್ಲಿ ಕಟ್ಟಿದ ಬೌರಿಂಗ್ ಆಸ್ಪತ್ರೆ ಮೊದಲಿನಿಂದಲೂ ನಾಗರಿಕ ಆಸ್ಪತ್ರೆ. ಪಡೆಗಳಿಗೆ ಅವರದೇ ಆಸ್ಪತ್ರೆಗಳಿದ್ದವು. ದಂಡನ್ನು ನಂಬಿ ಬದುಕುತ್ತಿದ್ದ ಕೂಲಿಗಳು, ಅಡುಗೆಯವರು, ಅಂಗಡಿಯವರು, ಅವರ ಹೆಂಗಸರು ಮಕ್ಕಳಿಗೆ ಇದು. ಪೇಟೆಗೆ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಂದಾಗಲೂ ದಂಡಿನವರಿಗೆ ಬೌರಿಂಗ್ ಇತ್ತು. 1947ರ ಜುಲೈನಲ್ಲಿ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷ್ ರೆಸಿಡೆಂಟನ ಕೈಯಿಂದ ಮೈಸೂರು ಸರ್ಕಾರಕ್ಕೆ ಮರಳಿತು, 1949ರಲ್ಲಿ ಪೇಟೆ ಮತ್ತು ದಂಡು ಒಂದೇ ಕಾರ್ಪೊರೇಷನ್ ಆದವು. ಆಡಳಿತ ಬದಲಾದರೂ ಬೌರಿಂಗ್‌ನ ಹೊರರೋಗಿ ವಿಭಾಗದ ಸರದಿ ನಿಲ್ಲಲಿಲ್ಲ. ಮೊದಲಿನಿಂದಲೂ ಸಾಮಾನ್ಯರಿಗೆಂದೇ ಇದ್ದ ಆಸ್ಪತ್ರೆಗೆ ದಂಡು ಹೋಗುವುದರಿಂದ ಬರುವ ಪೆಟ್ಟು ಕಡಿಮೆ.

ಅಮೆರಿಕದಲ್ಲೇ ಏನಾಯಿತು ಎಂಬುದನ್ನೂ ಇಲ್ಲಿ ನೋಡಬೇಕು. ಶೀತಲ ಸಮರ ಮುಗಿಯುತ್ತಿದ್ದಂತೆ 1988ರಿಂದ ಅಲ್ಲಿನ ಸರ್ಕಾರ ಸುತ್ತು ಸುತ್ತಾಗಿ ಸೇನಾ ನೆಲೆಗಳನ್ನು ಮುಚ್ಚತೊಡಗಿತು. ಕ್ಯಾಲಿಫೋರ್ನಿಯಾದ ಫೋರ್ಟ್ ಓರ್ಡ್ 1994ರಲ್ಲಿ ಮುಚ್ಚಿತು. ಮರುವರ್ಷವೇ ಆ ನೆಲದಲ್ಲಿ ವಿಶ್ವವಿದ್ಯಾಲಯ ಬಂತು. ಆದರೆ ಆ ನೆಲೆಯ ಆಸ್ಪತ್ರೆಯನ್ನು ನಂಬಿ ಸುತ್ತಮುತ್ತಲೇ ಮನೆ ಮಾಡಿಕೊಂಡಿದ್ದ ನಿವೃತ್ತ ಸೈನಿಕರಿಗೆ ಪೆಟ್ಟು ಬಿತ್ತು. ನೆಲೆಯ ಆಸ್ಪತ್ರೆಯಲ್ಲಿ ಜಾಗ ಇದ್ದಾಗ ಸಿಗುತ್ತಿದ್ದ ಚಿಕಿತ್ಸೆ ನೆಲೆಯೇ ಇಲ್ಲದಾಗ ಎಲ್ಲಿಂದ ಸಿಗಬೇಕು? ಅರವತ್ತೈದು ದಾಟಿದವರಿಗೆ ಸೇನೆಯ ವಿಮೆಯೂ ಇರಲಿಲ್ಲ. ಅವರು ವರ್ಷಗಟ್ಟಲೆ ಹೋರಾಡಿದ ಮೇಲೆ 2001ರಲ್ಲಿ ಅವರಿಗೆಂದೇ ಆರೋಗ್ಯ ವಿಮೆಯ ವ್ಯವಸ್ಥೆಯೊಂದು ಜಾರಿಗೆ ಬಂತು. ನಮ್ಮಲ್ಲಿ ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಬಂದದ್ದು 2003ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ಕೊಡಗಿನ ಹಳ್ಳಿಗೆ ಮರಳಿದ ಹವಾಲ್ದಾರನಿಗೆ ಪಿಂಚಣಿ ಬರುತ್ತಿತ್ತು, ಆದರೆ ದೊಡ್ಡ ಕಾಯಿಲೆ ಬಂದರೆ ದೂರದ ಸೇನಾ ಆಸ್ಪತ್ರೆಯ ಬಾಗಿಲಿಗೇ ಹೋಗಿ ನಿಲ್ಲಬೇಕಿತ್ತು. ಆರೋಗ್ಯದ ಹಕ್ಕನ್ನು ಒಂದು ಕಟ್ಟಡಕ್ಕೆ ಕಟ್ಟಿಹಾಕಿದರೆ ಆಗುವುದು ಇಷ್ಟೇ. ಕಟ್ಟಡ ದೂರವಾದರೆ ಹಕ್ಕೂ ದೂರವಾಗುತ್ತದೆ.

ಮತ್ತೆ ದೆಹಲಿಗೆ ಬರೋಣ. 1980ರ ದಶಕದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಮಸೂದ್‌ಪುರ, ಕಿಶನ್‌ಗಢ, ಮಹಿಪಾಲ್‌ಪುರಗಳ ನಡುವಿನ ಕಲ್ಲುನೆಲದಲ್ಲಿ ವಸಂತ್ ಕುಂಜ್ ಕಟ್ಟತೊಡಗಿತು. ಎ, ಬಿ, ಸಿ, ಡಿ ಎಂದು ಸೆಕ್ಟರುಗಳು, ಅದರೊಳಗೆ ಪಾಕೆಟ್ಟುಗಳು, ಸಾಲುಸಾಲು ಫ್ಲಾಟುಗಳು. ನಿವೃತ್ತರಾದ ಸರ್ಕಾರಿ ನೌಕರರು, ಸೇನಾಧಿಕಾರಿಗಳು, ಬ್ಯಾಂಕಿನವರು ಬಂದರು, ಅವರಲ್ಲಿ ಕನ್ನಡಿಗರೂ ಇದ್ದರು. ಅಂಚಿನಲ್ಲಿ ಕುಸುಂಪುರ್ ಪಹಾಡಿ, ರಂಗಪುರಿ ಪಹಾಡಿಯ ಗುಡಿಸಲುಗಳು. ಈ ಫ್ಲಾಟುಗಳಲ್ಲಿ ಮನೆಗೆಲಸ ಮಾಡುವವರು, ಕಟ್ಟಡ ಕಟ್ಟಿದವರು, ಕಾವಲು ಕಾಯುವವರು ಅಲ್ಲಿದ್ದರು. ಪಶ್ಚಿಮಕ್ಕೆ, ಹೆದ್ದಾರಿಯ ಆಚೆ ದೆಹಲಿ ಕಂಟೋನ್ಮೆಂಟ್. ಅಲ್ಲಿ ಬೇಸ್ ಆಸ್ಪತ್ರೆ, ಧೌಲಾ ಕುವಾಂನಲ್ಲಿ ಸೇನೆಯ ರಿಸರ್ಚ್ ಅಂಡ್ ರೆಫರಲ್ ಆಸ್ಪತ್ರೆ, ದೇಶದ ಅತ್ಯುತ್ತಮ ವೈದ್ಯರಿರುವ ಜಾಗಗಳು. ಪಾಕೆಟ್ಟಿನ ನಿವೃತ್ತ ಕರ್ನಲ್‌ಗೆ ಅಲ್ಲಿಗೆ ಹೋಗುವ ಕಾರ್ಡಿದೆ. ಅವರ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ಇಲ್ಲ. ಅವಳು ಬಸ್ಸು ಹಿಡಿದು ಸಫ್ದರ್‌ಜಂಗ್‌ಗೆ ಹೋಗಬೇಕು. 2012ರ ಡಿಸೆಂಬರ್ 16ರ ರಾತ್ರಿ ಮಹಿಪಾಲ್‌ಪುರದ ಹೆದ್ದಾರಿಯ ಬದಿಯಲ್ಲಿ, ಬಸ್ಸಿನೊಳಗೆ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾಗಿ ಬಿದ್ದಿದ್ದ ಯುವತಿಯನ್ನು ಪೊಲೀಸರು ಕರೆದೊಯ್ದದ್ದೂ ಸಫ್ದರ್‌ಜಂಗ್‌ಗೇ. ಸಿಂಗಪುರಕ್ಕೆ ಕಳಿಸುವ ತನಕ ಹತ್ತು ದಿನ ಅಲ್ಲಿನ ವೈದ್ಯರು ಅವಳ ಜೀವಕ್ಕಾಗಿ ಹೋರಾಡಿದರು.

ವಸಂತ್ ಕುಂಜ್‌ಗೆ ತನ್ನದೇ ಆದ ಮೊದಲ ದೊಡ್ಡ ಆಸ್ಪತ್ರೆಗಳಲ್ಲಿ ಒಂದನ್ನು ಕೊಟ್ಟವರೂ ಒಬ್ಬ ಸೈನಿಕರೇ. ಮೇಜರ್ ಹರಿಪಾಲ್ ಸಿಂಗ್ ಅಹ್ಲುವಾಲಿಯಾ 1965ರ ಮೇ 29ರಂದು ಎವರೆಸ್ಟ್ ಹತ್ತಿದರು. ಕೆಲವೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಯುದ್ಧ. ಕಾಶ್ಮೀರದಲ್ಲಿ ತಾಗಿದ ಗುಂಡು ಅವರ ಬೆನ್ನುಹುರಿಯನ್ನು ಹಾಳುಮಾಡಿತು. ಅವರ ಉಳಿದ ಬದುಕು ಗಾಲಿಕುರ್ಚಿಯಲ್ಲಿ. ಚಿಕಿತ್ಸೆಗೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಗೆ ಹೋದರು. ಆ ಆಸ್ಪತ್ರೆಯ ಬೆನ್ನುಹುರಿ ವಿಭಾಗವೂ ಯುದ್ಧದ್ದೇ ಕೂಸು. ಯುರೋಪಿನ ಮೇಲಿನ ದಾಳಿಯಲ್ಲಿ ಬೀಳಲಿದ್ದ ಗಾಯಾಳುಗಳಿಗೆಂದು 1944ರಲ್ಲಿ ಲುಡ್ವಿಗ್ ಗುಟ್‌ಮನ್ ಅದನ್ನು ಶುರುಮಾಡಿದ್ದರು. ಯುದ್ಧ ಮುಗಿದ ಮೇಲೂ ಅದನ್ನು ಮುಚ್ಚಲಿಲ್ಲ. ಗಣಿಯಲ್ಲಿ ಬಿದ್ದವನಿಗೂ ರಸ್ತೆಯಲ್ಲಿ ಬಿದ್ದವನಿಗೂ ತೆರೆದರು. 1948ರಲ್ಲಿ ಅಲ್ಲಿನ ರೋಗಿಗಳಿಗಾಗಿ ನಡೆಸಿದ ಆಟೋಟವೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು.

ಭಾರತದಲ್ಲಿ ಮರದಿಂದ ಬಿದ್ದು ಬೆನ್ನು ಮುರಿದುಕೊಂಡ ಕೂಲಿಯವನಿಗೆ ಅಂಥ ಆರೈಕೆ ಇಲ್ಲವೆಂಬುದು ಅಹ್ಲುವಾಲಿಯಾ ಅವರ ಮನಸ್ಸಿನಲ್ಲಿ ಉಳಿಯಿತು. ಇಟಲಿ ಸರ್ಕಾರದ ನೆರವು ಸಿಕ್ಕಿತು. ವರ್ಷಗಳ ಓಡಾಟದ ನಂತರ 1990ರ ದಶಕದ ಕೊನೆಯಲ್ಲಿ ವಸಂತ್ ಕುಂಜ್‌ನಲ್ಲಿ ಇಂಡಿಯನ್ ಸ್ಪೈನಲ್ ಇಂಜ್ಯುರೀಸ್ ಸೆಂಟರ್ ಎದ್ದಿತು. ತನ್ನ ಸೈನಿಕರು ಬಳ್ಳಾರಿಯಲ್ಲಿ ಕೈದಿಗಳಾಗಿದ್ದ ಅದೇ ಇಟಲಿ ಇಲ್ಲಿ ಆಸ್ಪತ್ರೆಗೆ ಹಣ ಕೊಟ್ಟಿತು. 2022ರ ಜನವರಿಯಲ್ಲಿ ಅಹ್ಲುವಾಲಿಯಾ ತೀರಿಕೊಂಡರು. ಈಗ ಈ ಬಡಾವಣೆಯಲ್ಲಿ ದೆಹಲಿ ಸರ್ಕಾರ 2010ರಲ್ಲಿ ತೆರೆದ ಯಕೃತ್ತಿನ ಆಸ್ಪತ್ರೆ ಐಎಲ್‌ಬಿಎಸ್ ಇದೆ. ಒಬ್ಬ ವಾಯುಪಡೆ ಅಧಿಕಾರಿಯ ಹೆಸರು ಹೊತ್ತ ಖಾಸಗಿ ಆಸ್ಪತ್ರೆಯೂ ಇದೆ. ಆದರೆ ಜ್ವರ ಬಂದ ಮಗುವನ್ನು ಎತ್ತಿಕೊಂಡು ಕುಸುಂಪುರ್ ಪಹಾಡಿಯ ತಾಯಿ ಹೋಗುವುದು ಈಗಲೂ 1942ರಲ್ಲಿ ಶುರುವಾದ ಆ ಆಸ್ಪತ್ರೆಗೇ.

ಶಿಬಿರ ಕಟ್ಟುವುದು, ಮುಚ್ಚುವುದು, ಮುಚ್ಚಿದ ಮೇಲೆ ಅದಕ್ಕಾಗಿ ಪರದಾಡುವುದು. ಇದೆಲ್ಲ ಎಷ್ಟು ಬೇಗ ನಡೆಯಬಹುದು ಎಂಬುದನ್ನು ವಸಂತ್ ಕುಂಜ್‌ನವರು ತೀರ ಹತ್ತಿರದಿಂದ ನೋಡಿದರು. 2020ರ ಜುಲೈ 5ರಂದು ಮಗ್ಗುಲಿನ ಛತ್ತರ್‌ಪುರದಲ್ಲಿ, ರಾಧಾಸ್ವಾಮಿ ಸತ್ಸಂಗ ಬ್ಯಾಸ್ ಸಂಸ್ಥೆಯ ದೊಡ್ಡ ಚಪ್ಪರಗಳಡಿ, 10,000 ಹಾಸಿಗೆಗಳ ಸರ್ದಾರ್ ಪಟೇಲ್ ಕೋವಿಡ್ ಕೇಂದ್ರ ತೆರೆಯಿತು. ನಡೆಸಿದ್ದು ಇಂಡೋ–ಟಿಬೆಟನ್ ಗಡಿ ಪೊಲೀಸ್ ಪಡೆ. ಅದೇ ದಿನಗಳಲ್ಲಿ ವಿಮಾನ ನಿಲ್ದಾಣದ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಹನ್ನೆರಡೇ ದಿನಗಳಲ್ಲಿ 1,000 ಹಾಸಿಗೆಗಳ, ಅದರಲ್ಲಿ 250 ತೀವ್ರ ನಿಗಾ ಹಾಸಿಗೆಗಳ ಆಸ್ಪತ್ರೆಯನ್ನು ಎಬ್ಬಿಸಿತು. ಅಲ್ಲಿ ದುಡಿದವರು ಸಶಸ್ತ್ರ ಪಡೆಗಳ ವೈದ್ಯರು ಮತ್ತು ದಾದಿಯರು. ಅಷ್ಟು ವರ್ಷ ಮುಚ್ಚಿದ್ದ ಬೇಲಿ ಆ ತಿಂಗಳುಗಳಲ್ಲಿ ತೆರೆಯಿತು. ಸೇನೆಯ ಡಾಕ್ಟರು ಯಾರ ಕಾರ್ಡನ್ನೂ ಕೇಳದೆ ದೆಹಲಿಯ ಸಾಮಾನ್ಯ ರೋಗಿಯ ಮಂಚದ ಪಕ್ಕ ನಿಂತರು.

ಚಳಿಗಾಲದಲ್ಲಿ ಸೋಂಕು ಇಳಿಯಿತು. 2021ರ ಫೆಬ್ರವರಿಯಲ್ಲಿ ಛತ್ತರ್‌ಪುರದ ಕೇಂದ್ರವನ್ನು ಮುಚ್ಚಿದರು. ರೋಗಿಗಳೇ ಇಲ್ಲದ ಕೇಂದ್ರವನ್ನು ಎಷ್ಟು ದಿನ ನಡೆಸುವುದು ಎಂಬ ಲೆಕ್ಕ ಆಗ ಸರಿಯಾಗಿಯೇ ಕಂಡಿರಬೇಕು. ಎರಡು ತಿಂಗಳು ಕಳೆಯುವಷ್ಟರಲ್ಲಿ ದೆಹಲಿಯ ಬೀದಿಗಳಲ್ಲಿ ಜನ ಆಮ್ಲಜನಕದ ಸಿಲಿಂಡರ್ ಹುಡುಕುತ್ತ ಓಡುತ್ತಿದ್ದರು. ಆಸ್ಪತ್ರೆಗಳ ಗೇಟಿನ ಹೊರಗೆ ಆಟೋರಿಕ್ಷಾಗಳಲ್ಲಿ ಜನ ಸತ್ತರು. ಡಿಆರ್‌ಡಿಒ ಆಸ್ಪತ್ರೆ ಏಪ್ರಿಲ್ ಮೂರನೇ ವಾರದಲ್ಲಿ ಮತ್ತೆ ಶುರುವಾಯಿತು, ಛತ್ತರ್‌ಪುರ ಏಪ್ರಿಲ್ 26ರಂದು. ಈ ಸಲ ಅಲ್ಲಿ ಮೊದಲು ತೆರೆದದ್ದು 500 ಆಮ್ಲಜನಕದ ಹಾಸಿಗೆಗಳು. ಹಾಸಿಗೆ ಹಾಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಆಮ್ಲಜನಕ ಮತ್ತು ಕೈಗಳು. ಮುಚ್ಚುವ ದಿನ ಯಾರೂ ಕೇಳದ ಪ್ರಶ್ನೆ, ಮತ್ತೆ ಬೇಕಾದರೆ ಯಾರು ಬರುತ್ತಾರೆ ಎಂಬುದು, ಏಪ್ರಿಲ್‌ನಲ್ಲಿ ಸಾವಿನ ಲೆಕ್ಕವಾಗಿ ಬಂದು ನಿಂತಿತು. ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತದೆ. ಆ ತಿಂಗಳು ಯಾರನ್ನೂ ಕಳೆದುಕೊಳ್ಳದ ಮನೆ ಈ ಊರಿನಲ್ಲಿ ಕಡಿಮೆ.

ಈಗ ಇನ್ನೊಂದು ದೊಡ್ಡ ಹಸ್ತಾಂತರ ನಡೆಯುತ್ತಿದೆ. ದೇಶದಲ್ಲಿ 62 ಕಂಟೋನ್ಮೆಂಟುಗಳಿದ್ದವು. ಬ್ರಿಟಿಷರ ಕಾಲದಿಂದ ಬಂದ ಈ ಊರುಗಳಲ್ಲಿ ಸೇನೆಯ ಜೊತೆ ಸಾಮಾನ್ಯ ಜನರೂ ವಾಸಿಸುತ್ತಾರೆ. ಅವರ ನೀರು, ರಸ್ತೆ, ಶಾಲೆ, ಆಸ್ಪತ್ರೆ ನೋಡಿಕೊಳ್ಳುವುದು ಕಂಟೋನ್ಮೆಂಟ್ ಮಂಡಳಿ. 2006ರ ಕಂಟೋನ್ಮೆಂಟ್ ಕಾಯ್ದೆಯ ಪ್ರಕಾರ ಆಸ್ಪತ್ರೆ, ಔಷಧಾಲಯ ನಡೆಸುವುದು ಮಂಡಳಿಯ ಕರ್ತವ್ಯ. ಈ ಆಸ್ಪತ್ರೆಗಳು ಸೇನಾ ಆಸ್ಪತ್ರೆಗಳಲ್ಲ. ಇವುಗಳಲ್ಲಿ ಸದರ್ ಬಜಾರಿನ ದರ್ಜಿಯೂ ತರಕಾರಿ ಮಾರುವವಳೂ ಹೊರರೋಗಿ ಚೀಟಿ ಮಾಡಿಸುತ್ತಾರೆ. ದೆಹಲಿ ಕಂಟೋನ್ಮೆಂಟ್‌ನಲ್ಲೂ ಅಂಥ ಒಂದು ಆಸ್ಪತ್ರೆ ಇದೆ. 2023ರ ಏಪ್ರಿಲ್‌ನಲ್ಲಿ ಹಿಮಾಚಲದ ಯೋಲ್ ಕಂಟೋನ್ಮೆಂಟನ್ನು ರದ್ದು ಮಾಡಿ ಅದರ ನಾಗರಿಕ ಪ್ರದೇಶವನ್ನು ಬೇರ್ಪಡಿಸಿದರು. ಉಳಿದವುಗಳ ನಾಗರಿಕ ಭಾಗಗಳನ್ನೂ ಅಕ್ಕಪಕ್ಕದ ನಗರಸಭೆಗಳಿಗೆ ಸೇರಿಸುವ ಕೆಲಸ ಆ ಮೇಲೆ ಶುರುವಾಯಿತು. ಕರ್ನಾಟಕದಲ್ಲಿರುವ ಒಂದೇ ಕಂಟೋನ್ಮೆಂಟ್ ಬೆಳಗಾವಿಯದು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವ ಆ ಕ್ಯಾಂಪ್ ಪ್ರದೇಶವೂ ಈ ಮಾತುಕತೆಯಲ್ಲಿ ಸೇರಿದೆ.

ಜನ ಬಹುಮಟ್ಟಿಗೆ ಇದನ್ನು ಸ್ವಾಗತಿಸಿದ್ದಾರೆ, ಅದಕ್ಕೆ ಕಾರಣವೂ ಇದೆ. ಕಂಟೋನ್ಮೆಂಟಿನಲ್ಲಿ ಮನೆಗೆ ಒಂದು ಕೋಣೆ ಸೇರಿಸಲೂ ಅನುಮತಿಗಾಗಿ ಅಲೆಯಬೇಕು, ರಾಜ್ಯ ಸರ್ಕಾರದ ಎಷ್ಟೋ ಯೋಜನೆಗಳು ಒಳಗೆ ಬರುವುದಿಲ್ಲ. ರಕ್ಷಣಾ ಸಚಿವಾಲಯದ ಮಾರ್ಗಸೂಚಿಯ ಪ್ರಕಾರ ನಾಗರಿಕ ಸೌಕರ್ಯದ ಆಸ್ತಿಗಳು ರಾಜ್ಯಕ್ಕೋ ನಗರಸಭೆಗೋ ಉಚಿತವಾಗಿ ಹೋಗುತ್ತವೆ, ಮಂಡಳಿಯ ಆಸ್ತಿಯ ಜೊತೆ ಹೊಣೆಗಳೂ ಹೋಗುತ್ತವೆ. ಕಾಗದದಲ್ಲಿ ಇದು ಸರಿಯಾಗಿಯೇ ಇದೆ. ಆದರೆ ದಿಬ್ರುಗಢದಲ್ಲಿ ಕಟ್ಟಡ ಕಾಯುತ್ತಿದ್ದಾಗ ವೈದ್ಯ ಶಾಲೆ ಸಿದ್ಧವಿತ್ತು. ಸಫ್ದರ್‌ಜಂಗ್‌ಗೆ ಕೇಂದ್ರ ಸಚಿವಾಲಯವೇ ಸಂಬಳ ಕೊಡಲು ನಿಂತಿತು. ನಗರಪಾಲಿಕೆಗಳಿಗೆ ಆಸ್ಪತ್ರೆ ನಡೆಸಿದ ಅನುಭವವಾಗಲಿ, ಅದಕ್ಕಾಗಿ ತೆಗೆದಿಟ್ಟ ಹಣವಾಗಲಿ ಎಲ್ಲೆಡೆ ಇಲ್ಲ. ಕಂಟೋನ್ಮೆಂಟ್ ಆಸ್ಪತ್ರೆಯ ಒಬ್ಬ ವೈದ್ಯೆ ನಿವೃತ್ತಳಾದರೆ ಆ ಹುದ್ದೆಯನ್ನು ತುಂಬುವ ಆದೇಶಕ್ಕೆ ಯಾರು ಸಹಿ ಹಾಕಬೇಕು, ಔಷಧಿಯ ಖರೀದಿ ಯಾವ ಲೆಕ್ಕದಿಂದ ಹೋಗಬೇಕು, ಅರೆಕಾಲಿಕ ದಾದಿಯರ ಕರಾರು ಏನಾಗಬೇಕು ಎಂಬುದು ಹಸ್ತಾಂತರದ ಪಟ್ಟಿಯಲ್ಲಿ ಕಟ್ಟಡದ ಅಳತೆಯ ಪಕ್ಕದಲ್ಲೇ ಇರಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಬೆಳಗಾವಿ ಕ್ಯಾಂಪಿನ ನಿವಾಸಿಗಳು ಮನೆತೆರಿಗೆ, ಭೂಮಿಯ ಖಾತೆ, ಕಟ್ಟಡದ ಪರವಾನಗಿಯ ಬಗ್ಗೆ ಈಗ ಕೇಳುತ್ತಿರುವಷ್ಟೇ ಗಟ್ಟಿಯಾಗಿ ಈ ಹುದ್ದೆಗಳ ಪಟ್ಟಿಯನ್ನೂ ಕೇಳಿ ಪಡೆಯಬೇಕು, ಅದೂ ಸಹಿ ಬೀಳುವ ಮೊದಲೇ.